ಕಲೆಯ ದಾಸೋಹ



ಪರದೇಶಗಳಿಗೆ ತೆರಳಿ ತಬ್ಬಲಿ ಮಕ್ಕಳಿಗೆ ಚಿತ್ರ, ಸಂಗೀತ, ನಾಟಕಗಳನ್ನು ಕಲಿಸಿ ಬರುವ ಕಲಾವಿದರ ಪದ್ಧತಿಯೊಂದು ಲೋಕದಲ್ಲಿ ಬೆಳೆದು ಬಂದಿದೆ. ವಿದೇಶಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೂ ಕೆಲವರು, ಕಲಾವಿದ ಮಿತ್ರರೊಡನೆ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ಕಡೆಗೆ ಬಂದು ಹದಿನೈದು ದಿವಸ ಇಂಥ ಸೇವೆ ಸಲ್ಲಿಸಬಹುದೇ ಎಂದು ಕೇಳುವುದುಂಟು. ಅವರ ಸದ್ಭಾವದಲ್ಲಿ ನಮಗೆ ಸಂದೇಹವಿಲ್ಲ. ಆದರೆ ಸದ್ಭಾವವೊಂದೇ ಸೇವೆಯನ್ನು ದಾಸೋಹವನ್ನಾಗಿ ಮಾಡಲಾರದು.

ತಬ್ಬಲಿ ಮಗುವೆಂದರೆ ಅಗಲಿಕೆಯನ್ನು ಒಮ್ಮೆ ಉಂಡ ಮಗು. ಅಪರಿಚಿತರೊಬ್ಬರು ಬಂದು ಬಣ್ಣ ಕೊಟ್ಟು, ಬಗಲಲ್ಲಿ ಕೂರಿಸಿಕೊಂಡು ಬರೆಯಿಸಿದರೆ ಅದು ಕುಂಚಕ್ಕಿಂತ ಮೊದಲು ಆ ಕೈಯನ್ನು ಹಿಡಿಯುತ್ತದೆ. ಹದಿನಾರನೆಯ ದಿನ ಕೈ ಕಾಣದು. ಮುಂದಿನ ವರ್ಷ ಬೇರೊಂದು ಕೈ ಬರುವುದು, ಅದೂ ಹೋಗುವುದು. ಇನ್ನೊಂದು ಸಂಗತಿಯೂ ಉಂಟು. ಅನಾಥಾಲಯಗಳಲ್ಲಿರುವ ಐವರು ಮಕ್ಕಳಲ್ಲಿ ನಾಲ್ವರಿಗಾದರೂ ತಂದೆಯೋ ತಾಯಿಯೋ ಬದುಕಿರುವರೆಂದು ಸೇವ್ ದಿ ಚಿಲ್ಡ್ರನ್ ಸಂಸ್ಥೆಯು 2009ರಲ್ಲಿ ತಿಳಿಸಿತು. ಬಡತನವು ಅವರನ್ನು ಅಲ್ಲಿಗೆ ತಳ್ಳಿದೆ. ಅಂಥ ಮಗುವಿಗೆ ಬಣ್ಣದ ಡಬ್ಬಿಗಿಂತ ತನ್ನ ಮನೆಯೇ ಹೆಚ್ಚು ಬೇಕಾಗಿರಬಹುದು.

ಮುಂಡಗೋಡಕ್ಕೆ ನೆರೆಯಾದ ಹಾನಗಲ್ಲ ತಾಲೂಕನ್ನೇ ನೋಡಿರಿ. ಅಲ್ಲಿಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಕುರುಡು ಬಾಲಕ ಗದಿಗೆಯ್ಯನನ್ನು ಹಾನಗಲ್ಲ ಕುಮಾರ ಶಿವಯೋಗಿಗಳು ಕೈಹಿಡಿದು, ಸಂಗೀತದ ಶಿಕ್ಷಣ ಕೊಡಿಸಿದರು. ಆತನೇ ಮುಂದೆ ಪಂಚಾಕ್ಷರಿ ಗವಾಯಿಗಳೆನಿಸಿದರು. ಅವರು ಸಂಚಾರಿ ಸಂಗೀತ ಪಾಠಶಾಲೆಯನ್ನು ಕಟ್ಟಿಕೊಂಡು ಊರೂರು ಅಲೆದದ್ದು ನಿಜ. ಆದರೆ ಅಂಧ, ಅನಾಥ ಮಕ್ಕಳನ್ನು ಬಿಟ್ಟು ಅಲೆಯಲಿಲ್ಲ, ಕರೆದುಕೊಂಡೇ ಅಲೆದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು, ತಾವೂ ಕಣ್ಣಿಲ್ಲದವರು, 2010ರಲ್ಲಿ ಲಿಂಗೈಕ್ಯರಾಗುವವರೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅದೇ ಕಾಯಕವನ್ನು ನಡೆಸಿದರು. ಅಲ್ಲಿ ಸಂಗೀತವು ಮಗುವನ್ನು ಕೆಲಕಾಲ ನಗಿಸುವ ಸಾಧನವಾಗಿರದೆ, ಬಾಳಿನ ಅನ್ನವಾಯಿತು.

ಹಾಗಾದರೆ ಜೀವಮಾನವೆಲ್ಲ ಉಳಿಯಲಾರದವರು ಬರಲೇಬಾರದೆ? ಇಲ್ಲಿ ಅವಸರದ ತೀರ್ಮಾನ ಸಲ್ಲದು. ಚಿತ್ರಕಲಾವಿದೆ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಯಹೂದಿ ತಾಯಿಯನ್ನು ನಾಜಿಗಳು 1942ರಲ್ಲಿ ತೆರೆಜಿನ್ ಎಂಬ ಬಂಧನದ ಊರಿಗೆ ಸಾಗಿಸಿದರು. ತಂದೆತಾಯಿಗಳಿಂದ ಬೇರ್ಪಟ್ಟ ಮಕ್ಕಳಿಗೆ ಆಕೆ ಅಲ್ಲಿ ಚಿತ್ರ ಕಲಿಸಿದಳು. ತನಗಾಗಲಿ ಮಕ್ಕಳಿಗಾಗಲಿ ನಾಳೆಯ ಭರವಸೆ ಇರಲಿಲ್ಲ. 1944ರ ಅಕ್ಟೋಬರದಲ್ಲಿ ಆಕೆಯನ್ನು ಆಷ್‌ವಿಟ್ಜಿನಲ್ಲಿ ಕೊಂದರು. ಆ ಮಕ್ಕಳಲ್ಲಿ ಬಹುತೇಕರೂ ಉಳಿಯಲಿಲ್ಲ. ಆಕೆ ಬಿಟ್ಟುಹೋದ ಎರಡು ಪೆಟ್ಟಿಗೆಗಳಲ್ಲಿ ಸುಮಾರು 4,500 ಚಿತ್ರಗಳಿದ್ದವು. ಪ್ರತಿ ಮಗುವೂ ತನ್ನ ಚಿತ್ರಕ್ಕೆ ತನ್ನ ಹೆಸರನ್ನು ಬರೆಯಬೇಕೆಂಬುದು ಆಕೆಯ ಆಗ್ರಹವಾಗಿತ್ತು. ಮನುಷ್ಯರನ್ನು ಅಂಕೆಗಳಾಗಿ ಎಣಿಸುತ್ತಿದ್ದ ಸ್ಥಳದಲ್ಲಿ ಅದು ಸಣ್ಣ ಮಾತಲ್ಲ. ಕಲಿಸಿದವಳ ಹೆಸರು ಹಿಂದೆ ಸರಿದು ಮಗುವಿನ ಹೆಸರು ಮುಂದೆ ನಿಂತಿತು. ದಾಸೋಹದಲ್ಲಿ ‘ನಾನು’ ಅಳಿಯಬೇಕೆಂದು ಶರಣರು ಬೋಧಿಸಿದುದರ ಅರ್ಥವು ಇಲ್ಲಿ ನಮಗೆ ಕಾಣುತ್ತದೆ.

ಈಗ ನಮ್ಮ ಅರಣ್ಯದ ಸೀಮೆಗೆ ಬರೋಣ. ಇಲ್ಲಿಗೆ ಬರುವವರು ಬರಿಗಾಡಿಗೆ ಬೀಜ ಬಿತ್ತಲು ಬರುವುದಿಲ್ಲ. ಕಾಗದಕ್ಕೆ ದಾಂಡೇಲಿಯಲ್ಲಿ ಕಾರ್ಖಾನೆಯೇ ಇದೆ! ಹಳಿಯಾಳ, ಮುಂಡಗೋಡಗಳ ಸಿದ್ದಿ ತಾಯಂದಿರು ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಕೌದಿಗಳು ಪರದೇಶಗಳ ಪ್ರದರ್ಶನಗಳನ್ನು ಕಂಡಿವೆ. ಕೌದಿಯ ನಾಲ್ಕು ಮೂಲೆಗೆ ಮಡಿಚಿ ಹೊಲಿದ ಬಟ್ಟೆಯ ಹೂವುಗಳಿಲ್ಲದಿದ್ದರೆ ಅದು ಬೆತ್ತಲೆ ಎಂಬುದು ಅವರ ಭಾವನೆ. ಆಫ್ರಿಕೆಯಿಂದ ದಾಸರಾಗಿ ತರಲ್ಪಟ್ಟವರ ಸಂತತಿಯು ಅಳಿಯಗೊಡದೆ ಕಾಯ್ದುಕೊಂಡು ಬಂದ ಕಲೆಯಿದು. ಆ ತಾಯಿ ಹದಿನಾರನೆಯ ದಿನವೂ ಊರಿನಲ್ಲಿರುತ್ತಾಳೆ. ಬರುವ ಕಲಾವಿದನು ಆಕೆಯನ್ನು ಗುರುವಿನ ಆಸನದಲ್ಲಿ ಕುಳ್ಳಿರಿಸಿ, ತಾನು ಮಕ್ಕಳ ಸಾಲಿನಲ್ಲಿ ಸೂಜಿ ಹಿಡಿದು ಕುಳಿತರೆ ನಾವು ಸಂತೋಷದಿಂದ ಸ್ವಾಗತಿಸುವೆವು.

ಕೇಳಿದವರಿಗೆ ನಾವು ಹೇಳುವುದಿಷ್ಟು. ಬರುವುದಾದರೆ ಅದೇ ಮಕ್ಕಳ ಬಳಿಗೆ ಮರುವರ್ಷವೂ ಬನ್ನಿರಿ. ಇಲ್ಲವಾದರೆ ಇಲ್ಲಿಯ ಶಿಕ್ಷಕರಿಗೆ ಕಲಿಸಿ ಹೋಗಿರಿ. ಮಕ್ಕಳ ಭಾವಚಿತ್ರಗಳನ್ನು ಹಂಚಬೇಡಿರಿ. ಆಶ್ರಯದಲ್ಲಿರುವ ಮಗುವಿನ ಗುರುತನ್ನು ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯಿದೆಯೂ ನಿಷೇಧಿಸಿದೆ. ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ನರ ಶಿಬಿರದಲ್ಲಿ ತಂಗಲು ವಿದೇಶೀಯರಿಗೆ ಕೇಂದ್ರ ಸರಕಾರದ ಪರವಾನಗಿ ಬೇಕು. ನಿಮ್ಮ ನಿರ್ಗಮನದ ದಿನವನ್ನು ಸರಕಾರಕ್ಕೆ ಮುಂಚಿತವಾಗಿ ತಿಳಿಸುವಂತೆ, ಮಕ್ಕಳಿಗೂ ಮೊದಲನೆಯ ದಿವಸವೇ ತಿಳಿಸಿರಿ.