ಊಟ ಮುಗಿದ ಮೇಲಿನ ಬೈಬಲ್ ಕಥೆ

ಷಿಕಾಗೊದ ನಾರ್ತ್ ಲಾನ್‌ಡೇಲ್‌ನಲ್ಲಿ ಚರ್ಚೊಂದರ ಯುವಜನ ಸೇವೆಗೆ ನಾನು ಈ ಬೇಸಿಗೆಯ ಇಂಟರ್ನ್. ಬಾಸ್ಕೆಟ್‌ಬಾಲ್, ಗಣಿತ ಪಾಠ, ಮಧ್ಯಾಹ್ನದ ಊಟ, ಆಮೇಲೆ ಬೈಬಲ್ ಕಥೆ. ಊಟದ ಹಣ ಕೇಂದ್ರ ಸರ್ಕಾರದ ಬೇಸಿಗೆ ಆಹಾರ ಯೋಜನೆಯದು. 18 ವರ್ಷದವರೆಗಿನ ಯಾರು ಬಂದರೂ ಕೊಡಬೇಕು. ಊಟ ಬೇಕಿದ್ದರೆ ಪ್ರಾರ್ಥನೆಗೆ ಕೂರು ಎನ್ನುವಂತಿಲ್ಲ. ಹಾಗಾಗಿ ಹಾಲಿನ ಪೊಟ್ಟಣ ಖಾಲಿಯಾದದ್ದೇ ತಡ, ಅರ್ಧದಷ್ಟು ಹುಡುಗರು ಬಾಗಿಲ ಕಡೆಗೆ.

ಜೊತೆಯ ಕೆಲವರಿಗೆ ಇದರಿಂದ ಕಸಿವಿಸಿ. ನನಗೋ ಈ ಸರ್ಕಾರಿ ನಿಯಮವೇ ಸುವಾರ್ತೆಗೆ ಹತ್ತಿರವೆನಿಸುತ್ತದೆ. ಐದು ಸಾವಿರ ಜನಕ್ಕೆ ರೊಟ್ಟಿ ಹಂಚುವಾಗ ಯೇಸು ಯಾರ ನಂಬಿಕೆಯನ್ನೂ ವಿಚಾರಿಸಲಿಲ್ಲ. (ಮರುದಿನ ರೊಟ್ಟಿಗಾಗಿಯೇ ಹುಡುಕಿಕೊಂಡು ಬಂದವರಿಗೆ ಚುರುಕು ಮುಟ್ಟಿಸಿದ್ದೂ ನಿಜ. ಯೋಹಾನನ ಆರನೇ ಅಧ್ಯಾಯವನ್ನು ನನ್ನ ವಿರುದ್ಧ ಎತ್ತುವವರು ಎತ್ತಲಿ.) ಷರತ್ತು ಹಾಕಿ ಕೊಟ್ಟರೆ ಅದು ಕೃಪೆ ಹೇಗಾದೀತು?

ನನ್ನನ್ನು ಕಾಡುವುದು ಬೇರೆ. ಬಡವರ ನಡುವೆಯೇ ಮನೆ ಮಾಡಿ ನೆಲೆಸಬೇಕು, ಸೇವೆ ಅಲ್ಲಿಂದ ಶುರು ಎಂದವರು ಮಿಸಿಸಿಪ್ಪಿಯ ಜಾನ್ ಪರ್ಕಿನ್ಸ್. ವಸತಿ ತಾರತಮ್ಯದ ವಿರುದ್ಧ ಹೋರಾಡಲು ಮಾರ್ಟಿನ್ ಲೂಥರ್ ಕಿಂಗ್ 1966ರಲ್ಲಿ ಬಾಡಿಗೆ ಮನೆ ಹಿಡಿದದ್ದೂ ಇದೇ ಬಡಾವಣೆಯಲ್ಲಿ. ದೇವರು ಮನುಷ್ಯನಾಗಿ ನಮ್ಮ ನಡುವೆ ವಾಸಿಸಿದ ಎಂದು ಮಕ್ಕಳಿಗೆ ಹೇಳುವ ನಾನು ಆಗಸ್ಟ್‌ನಲ್ಲಿ ಕಾಲೇಜಿಗೆ ಹೊರಟುಬಿಡುತ್ತೇನೆ.

"ಹೋದ ವರ್ಷ ಬಂದವನೂ ಮತ್ತೆ ಬರ್ತೀನಿ ಅಂದಿದ್ದ," ಎಂದ ಒಬ್ಬ ಹುಡುಗ, ಚೆಂಡು ಪುಟಿಸುತ್ತಾ. ನಾನು ಹಾಗೆ ಯಾರಿಗೂ ಹೇಳಿಲ್ಲ. ಅವನಿಗೆ ಭಿನ್ನರಾಶಿಯ ಭಾಗಾಕಾರ ಇನ್ನೂ ಹತ್ತಿಲ್ಲ. ಅಷ್ಟನ್ನು ಕಲಿಸಲು ಸಮಯವಿದೆ.