ಮೈದಾನಕ್ಕೆ ಹೋಗುವುದು ಕಾಲಹರಣವೇ?

ಮನೆಗಳ ಆಶೀರ್ವಾದಕ್ಕೆಂದು ಬೀದಿ ಬೀದಿ ಸುತ್ತುವ ಧರ್ಮಗುರುಗಳ ಕಿವಿಗೆ ಬೀಳುವ ದೂರುಗಳಲ್ಲಿ ಒಂದು ಬಹಳ ಹಳೆಯದು. "ಸ್ವಾಮಿ, ಇವನಿಗೆ ಸ್ವಲ್ಪ ಬುದ್ಧಿ ಹೇಳಿ. ಶಾಲೆ ಬಿಟ್ಟರೆ ಮೈದಾನ, ಮೈದಾನ ಬಿಟ್ಟರೆ ಊಟ. ಪುಸ್ತಕ ಮುಟ್ಟುವುದೇ ಇಲ್ಲ." ಹುಡುಗ ಮಾತ್ರ ಧೂಳು ಮೆತ್ತಿದ ಕಾಲುಗಳನ್ನು ಬಾಗಿಲ ಮರೆಯಲ್ಲಿ ಇಟ್ಟುಕೊಂಡು ನಿಂತಿರುತ್ತಾನೆ. ಇತ್ತೀಚಿನ ವರ್ಷಗಳಲ್ಲಿ ಇದರ ಜೊತೆಗೆ ಇನ್ನೊಂದು ಬೇಡಿಕೆಯೂ ಸೇರಿಕೊಂಡಿದೆ. "ಸ್ವಾಮಿ, ನಮ್ಮ ಮಗ ಚೆನ್ನಾಗಿ ಓಡುತ್ತಾನೆ. ಒಳ್ಳೆಯ ತರಬೇತಿ ಕೊಡಿಸಬೇಕು, ಒಂದು ಶಿಫಾರಸು ಪತ್ರ ಬರೆದುಕೊಡಿ." ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಆರಂಭವಾದ ಮೇಲೆ ಒಲಿಂಪಿಕ್ಸ್ ಎಂಬ ಮಾತು ನಮ್ಮ ಕಡೆಯ ಮನೆಗಳಿಗೂ ಹತ್ತಿರವಾಗಿದೆ. ಅದು ಸಂತೋಷದ ಸಂಗತಿಯೇ.

ಮೊದಲಿನ ತಾಯಿ ಆಟವನ್ನು ಬೈಯುತ್ತಾಳೆ, ಎರಡನೆಯ ತಂದೆ ಹೊಗಳುತ್ತಾನೆ. ಆದರೆ ಇಬ್ಬರ ತಕ್ಕಡಿಯಲ್ಲಿರುವ ತೂಕದ ಕಲ್ಲು ಒಂದೇ. ಆಟದಿಂದ ಏನು ಸಿಗುತ್ತದೆ? ಒಬ್ಬರಿಗೆ ಅಂಕ ಹೋಗುವ ಭಯ, ಇನ್ನೊಬ್ಬರಿಗೆ ಪದಕ ಬರುವ ಆಸೆ. ಏನೂ ಸಿಗದಿದ್ದರೂ ಆಟ ಒಳ್ಳೆಯದೇ ಎಂದು ಹೇಳುವವರು ಯಾರಾದರೂ ಇದ್ದಾರೆಯೇ? ಭಾನುವಾರ ಸಂಜೆ ಮನೆಮಂದಿಯೆಲ್ಲ ಸೇರಿ ಒಂದು ದೊಡ್ಡ ಮೈದಾನಕ್ಕೆ ಹೋಗಿ, ಎರಡು ಗಂಟೆ ಆಡಿ, ನಕ್ಕು, ಬೆವತು, ಬರಿಗೈಯಲ್ಲಿ ಹಿಂದಿರುಗಿದರೆ ಅದು ದೇವರು ಕೊಟ್ಟ ಸಮಯವನ್ನು ಹಾಳು ಮಾಡಿದಂತೆಯೇ? ಈ ಪ್ರಶ್ನೆ ಮಕ್ಕಳಾಟವೆಂದು ತೋರಬಹುದು. ಆದರೆ ಮನುಷ್ಯನ ಬೆಲೆ ಯಾವುದರಲ್ಲಿದೆ ಎಂಬ ಪ್ರಶ್ನೆಯೂ ಇದರೊಳಗೇ ಅಡಗಿದೆ.

ನಮ್ಮ ಪ್ರದೇಶದವರು ಇದನ್ನು ವಿಚಾರ ಮಾಡಲು ದೂರ ಹೋಗಬೇಕಾಗಿಲ್ಲ. ಹಂಪಿಯ ಮಹಾನವಮಿ ದಿಬ್ಬದ ಸುತ್ತ ಒಮ್ಮೆ ನಿಧಾನವಾಗಿ ನಡೆದು ನೋಡಿ. ಅದರ ಗೋಡೆಯ ಕಲ್ಲುಗಳಲ್ಲಿ ಆನೆ ಕುದುರೆಗಳ ಜೊತೆಗೆ ಹಿಡಿತ ಹಾಕಿ ನಿಂತ ಕುಸ್ತಿಪಟುಗಳಿದ್ದಾರೆ, ನರ್ತಕಿಯರಿದ್ದಾರೆ, ಬೇಟೆಗಾರರಿದ್ದಾರೆ. ಕೃಷ್ಣದೇವರಾಯನ ಆಳ್ವಿಕೆಯಲ್ಲಿ, ಸುಮಾರು 1520ರ ಹೊತ್ತಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಮಹಾನವಮಿ ಹಬ್ಬದ ಕುಸ್ತಿಗಳನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಹಲ್ಲು ಮುರಿಯುವ, ಮುಖದ ಗುರುತೇ ಸಿಗದಂತೆ ಮಾಡುವ ಹೊಡೆತಗಳು; ತೀರ್ಪು ಹೇಳಲು ಅಧಿಕಾರಿಗಳು; ಗೆದ್ದವನಿಗೆ ಗೌರವ. ರಾಜನ ದಿನಚರಿಯನ್ನೂ ಅವನು ಬಿಟ್ಟಿಲ್ಲ. ಬೆಳಗಾಗುವ ಮುನ್ನವೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿ ಬೀಸಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಶ್ರಮಿಸಿ, ಆಮೇಲೆ ಒಬ್ಬ ಜಟ್ಟಿಯೊಡನೆ ಕುಸ್ತಿಯಾಡಿ, ಕೊನೆಗೆ ಕುದುರೆ ಏರಿ ಬಯಲಿನಲ್ಲಿ ಓಡಿಸುತ್ತಿದ್ದನಂತೆ. ನಮ್ಮ ಯುವಕರು ಇದನ್ನು ಓದಿದರೆ ಬೆಳಗಿನ ಆರು ಗಂಟೆಯ ಬಲಿಪೂಜೆಗೆ ಏಳುವುದು ಕಷ್ಟವೆಂದು ಹೇಳಲಾರರು!

ಇದೆಲ್ಲ ಭವ್ಯವೇ. ಆದರೆ ಒಂದು ಮಾತು ಗಮನಿಸಬೇಕು. ರಾಜನ ವ್ಯಾಯಾಮ ಯುದ್ಧಕ್ಕಾಗಿ, ಕುಸ್ತಿಪಟುವಿನ ಹೋರಾಟ ಗೌರವಕ್ಕಾಗಿ, ಹಬ್ಬದ ವೈಭವ ಸಿಂಹಾಸನದ ಘನತೆಗಾಗಿ. ಅಲ್ಲಿ ಎಲ್ಲವೂ ಯಾವುದೋ ಇನ್ನೊಂದಕ್ಕಾಗಿ.

ಹಂಪಿಯಲ್ಲಿ ಬೇರೊಂದು ಬಗೆಯ ಆಟದ ಗುರುತೂ ಇದೆ. ಅದನ್ನು ಕಾಣಬೇಕಾದರೆ ತಲೆ ಎತ್ತುವ ಬದಲು ತಗ್ಗಿಸಬೇಕು. ದೇವಾಲಯಗಳ ಮಂಟಪಗಳಲ್ಲಿ, ಜಗಲಿಗಳ ಹಾಸುಗಲ್ಲಿನ ಮೇಲೆ, ಅಳಗುಳಿ ಮಣೆಯ ಸಾಲು ಗುಳಿಗಳನ್ನೂ ಹುಲಿ-ಕುರಿ ಆಟದ ಗೆರೆಗಳನ್ನೂ ಕೊರೆದಿರುವುದು ಅಲ್ಲಲ್ಲಿ ಕಾಣಸಿಗುತ್ತದೆ. ಇವುಗಳನ್ನು ಕೊರೆದವರ ಹೆಸರಿನ ಶಾಸನವಿಲ್ಲ. ಕಾವಲು ಕಾಯುತ್ತಾ ಬೇಸರಗೊಂಡವನೋ, ಉಳಿ ಕೈಯಲ್ಲೇ ಇದ್ದ ಕಲ್ಲುಕುಟಿಗನೋ, ಮಳೆ ನಿಲ್ಲಲೆಂದು ಕಾದ ಯಾತ್ರಿಕನೋ ಇರಬಹುದು. ಧರ್ಮೋಪದೇಶದ ಮಕ್ಕಳನ್ನು ಒಮ್ಮೆ ಹಂಪಿಗೆ ಕರೆದುಕೊಂಡು ಹೋಗಿದ್ದಾಗ ಇಂಥ ಒಂದು ಮಣೆಯನ್ನು ತೋರಿಸಿದೆ. ಗೋಪುರವನ್ನು ಎರಡು ನಿಮಿಷ ನೋಡಿ ಮುಗಿಸಿದ್ದ ಮಕ್ಕಳು ಇಲ್ಲಿ ಮುಕ್ಕಾಲು ಗಂಟೆ ಕದಲಲಿಲ್ಲ. ಸಣ್ಣ ಕಲ್ಲುಗಳನ್ನು ಆಯ್ದು ತಂದು ಗುಳಿಗಳಿಗೆ ತುಂಬಿ ಆಡತೊಡಗಿದರು. ಐಷಾರಾಮದ ಅರಮನೆಗಳು 1565ರ ಸೋಲಿನ ನಂತರ ನೆಲಕಚ್ಚಿದವು. ಹೆಸರಿಲ್ಲದವನ ಆಟದ ಮಣೆಯಲ್ಲಿ ಇಂದಿಗೂ ಆಡಬಹುದು. (ಹಾಗೆಂದು ಯಾರೂ ಹೊಸದಾಗಿ ಕೊರೆಯಲು ಹೋಗಬೇಡಿ. ಅದು ಅಪರಾಧ, ಅಷ್ಟೇ ಅಲ್ಲ, ನಮ್ಮ ಮೊಮ್ಮಕ್ಕಳಿಗೆ ಮಾಡುವ ಅನ್ಯಾಯ.)

ಆ ಗುಳಿಗಳಿಂದ ಯಾರಿಗೂ ಪದಕ ಬರಲಿಲ್ಲ, ಯುದ್ಧವೂ ಗೆಲ್ಲಲಿಲ್ಲ. ಹಾಗಾದರೆ ಕೊರೆದವನು ಸಮಯ ಹಾಳುಮಾಡಿದನೇ?

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ನಮಗೆ ಅರಿಸ್ಟಾಟಲನ ನೀತಿಶಾಸ್ತ್ರದಲ್ಲಿ ಒಂದು ಅಚ್ಚರಿ ಕಾದಿತ್ತು. ಧೈರ್ಯ, ಔದಾರ್ಯಗಳ ಸಾಲಿನಲ್ಲೇ ಹಿತಮಿತವಾದ ವಿನೋದವನ್ನೂ ಅವನು ಒಂದು ಸದ್ಗುಣವೆಂದು ಎಣಿಸಿದ್ದಾನೆ. ಸಂತ ತೋಮಸ್ ಅಕ್ವಿನಾಸರು ಇದನ್ನು ಕೈಬಿಡಲಿಲ್ಲ. ಆಟದಲ್ಲಿ ಮಿತಿಮೀರುವುದು ಪಾಪವೆಂದು ಹೇಳಿದ ಅವರೇ, ಸ್ವಲ್ಪವೂ ಆಡದೆ, ನಗದೆ, ನಗುವವರ ಮೇಲೂ ಮುಖ ಗಂಟಿಕ್ಕಿ ಇತರರಿಗೆ ಭಾರವಾಗುವುದೂ ದೋಷವೆಂದು ಬರೆದರು. ನಮ್ಮ ಕೆಲವು ಹಿರಿಯರು, ನಮ್ಮ ಕೆಲವು ಗುರುಗಳೂ ಸಹ, ಎರಡನೆಯ ಭಾಗವನ್ನು ಓದಿಲ್ಲವೆಂದು ತೋರುತ್ತದೆ.

ಸಂತ ಯೊವಾನ್ನರ ಬಗ್ಗೆ ಪುರಾತನರು ಹೇಳುತ್ತಿದ್ದ ಒಂದು ಕಥೆಯನ್ನು ಅಕ್ವಿನಾಸರು ಇಲ್ಲಿ ನೆನಪಿಸುತ್ತಾರೆ. ಪ್ರೇಷಿತರು ಶಿಷ್ಯರೊಡನೆ ವಿನೋದದಲ್ಲಿದ್ದುದನ್ನು ಕಂಡು ಒಬ್ಬನಿಗೆ ಬೇಸರವಾಯಿತು. ಅವನ ಕೈಯಲ್ಲಿ ಬಿಲ್ಲಿತ್ತು. ಬಾಣ ಬಿಡು ಎಂದರು, ಬಿಟ್ಟ. ಮತ್ತೆ ಮತ್ತೆ ಬಿಡು ಎಂದರು. ಹೀಗೆ ಬಿಡುತ್ತಲೇ ಇದ್ದರೆ ಬಿಲ್ಲು ಮುರಿಯುತ್ತದೆ ಎಂದು ಅವನೇ ಒಪ್ಪಿಕೊಂಡ. ಮನಸ್ಸೂ ಹಾಗೆಯೇ ಎಂಬುದು ಕಥೆಯ ತಾತ್ಪರ್ಯ.

ಕಥೆ ಚೆನ್ನಾಗಿದೆ, ನಾನೂ ಪ್ರವಚನಗಳಲ್ಲಿ ಬಳಸಿದ್ದೇನೆ. ಆದರೂ ಅದು ನಮ್ಮ ಪ್ರಶ್ನೆಗೆ ಪೂರ್ತಿ ಉತ್ತರವಲ್ಲ. ಮತ್ತೆ ಬಾಣ ಹೂಡುವುದಕ್ಕಾಗಿ ಮಾತ್ರ ಹೆದೆ ಸಡಿಲಿಸುವುದಾದರೆ, "ಒಂದು ಗಂಟೆ ಆಡು, ಆಮೇಲೆ ನಾಲ್ಕು ಗಂಟೆ ಓದು" ಎನ್ನುವ ತಂದೆಯ ಲೆಕ್ಕವೇ ಕೊನೆಯ ಮಾತಾಗುತ್ತದೆ. ಆದರೆ ಅಕ್ವಿನಾಸರು ಇನ್ನೊಂದು ಕಡೆ ಇದಕ್ಕಿಂತ ಆಳಕ್ಕೆ ಇಳಿದಿದ್ದಾರೆ. ಜ್ಞಾನವನ್ನು ಧ್ಯಾನಿಸುವುದು ಆಟಕ್ಕೆ ಸಮಾನ. ಏಕೆಂದರೆ ಎರಡರಲ್ಲೂ ಆನಂದವಿದೆ, ಎರಡನ್ನೂ ಬೇರೊಂದಕ್ಕಾಗಿ ಅಲ್ಲ, ಅವುಗಳಿಗಾಗಿಯೇ ಬಯಸುತ್ತೇವೆ ಎಂಬುದು ಅವರ ವಿಚಾರ. ಜ್ಞಾನೋಕ್ತಿಗಳ ಗ್ರಂಥದಲ್ಲಿ ಸೃಷ್ಟಿಯ ಆರಂಭದಲ್ಲಿ ಜ್ಞಾನವು ದೇವರ ಮುಂದೆ ನಲಿದಾಡುವ ಚಿತ್ರವನ್ನು ಅವರು ಅಲ್ಲಿ ನೆನೆಯುತ್ತಾರೆ. ದೇವರಿಗೆ ಲೋಕದ ಅಗತ್ಯವಿರಲಿಲ್ಲ. ಲಾಭವಿಲ್ಲದಿದ್ದರೂ, ಸಂತೋಷದಿಂದ ಸೃಷ್ಟಿಸಿದರು. ಉಪಯೋಗವಿದ್ದರೆ ಮಾತ್ರ ಬೆಲೆ ಎಂಬ ನಿಯಮವನ್ನು ಒಪ್ಪಿದರೆ ಹಾಸಿಗೆ ಹಿಡಿದ ಅಜ್ಜನಿಗೆ, ಬುದ್ಧಿ ಬೆಳೆಯದ ಮಗುವಿಗೆ ನಾವು ಏನು ಹೇಳುತ್ತೇವೆ?

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪಣೆ ಬರುತ್ತದೆ. ಕೂಲಿ ಮಾಡಿ ಹೊಟ್ಟೆ ಹೊರೆಯುವವರಿಗೆ ಇದೆಲ್ಲ ಉಳ್ಳವರ ಮಾತು ಅಲ್ಲವೇ ಎಂದು. ಗಣಿಯ ಲಾರಿ ಓಡಿಸಿ ರಾತ್ರಿ ಮನೆಗೆ ಬರುವ ತಂದೆಗೆ, ಕಂಪ್ಲಿ ಕಡೆಯ ಗದ್ದೆಯಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡುವ ತಾಯಿಗೆ ಮೈದಾನದ ಮಾತು ಹೇಳುವುದು ನ್ಯಾಯವೇ? ಆಕ್ಷೇಪಣೆ ನಿಜ. ಆದರೆ ಅದರಿಂದ ತೆಗೆಯಬೇಕಾದ ತೀರ್ಮಾನ, ಬಡವರಿಗೆ ಆಟ ಬೇಡವೆಂಬುದಲ್ಲ. ಅವರ ಪಾಲಿನ ಬಿಡುವು ಯಾರ ಬಳಿ ಇದೆ ಎಂದು ಕೇಳಬೇಕು. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ವಿಶ್ರಾಂತಿಯನ್ನೂ ಆಟವನ್ನೂ ಮಗುವಿನ ಹಕ್ಕೆಂದು ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ.

ಈ ಲೆಕ್ಕವನ್ನು ಮನೆಯೊಳಗೂ ಮಾಡಬೇಕು. ಹೊಸಪೇಟೆಯ ಪುನೀತ್ ರಾಜ್‌ಕುಮಾರ್ ಜಿಲ್ಲಾ ಕ್ರೀಡಾಂಗಣಕ್ಕೋ ನಿಮ್ಮೂರಿನ ಶಾಲಾ ಬಯಲಿಗೋ ಒಂದು ಸಂಜೆ ಹೋಗಿ, ಆಡುವವರನ್ನು ಬಿಟ್ಟು ಅಂಚಿನಲ್ಲಿ ನಿಂತವರನ್ನು ನೋಡಿ. ಹತ್ತಾರು ಕ್ರಿಕೆಟ್ ತಂಡಗಳ ಹುಡುಗರು ಮೈದಾನವನ್ನು ಹಂಚಿಕೊಂಡಿರುತ್ತಾರೆ. ಹುಡುಗಿಯರು ಏಳನೆಯ ತರಗತಿ ದಾಟುತ್ತಲೇ ಎಲ್ಲಿ ಮಾಯವಾಗುತ್ತಾರೆ? ತಾಯಂದಿರು ಬಂದಿದ್ದರೆ ನೀರಿನ ಬಾಟಲಿ, ಮಗುವಿನ ಚಪ್ಪಲಿ, ಗಂಡನ ಕೈಚೀಲ ಹಿಡಿದು ನಿಂತಿರುತ್ತಾರೆ. ಭಾನುವಾರ ದೇವರ ದಿನ, ವಿಶ್ರಾಂತಿಯ ದಿನ ಎಂದು ನಾವು ಬೋಧಿಸುತ್ತೇವೆ. ಅದೇ ದಿನ ಮನೆಯಲ್ಲಿ ಮಾಂಸದಡುಗೆ, ನೆಂಟರು, ವಾರದ ಬಟ್ಟೆ. ಮನೆಯ ಹೆಂಗಸಿಗೆ ಆ ದಿನವೇ ಹೆಚ್ಚು ಕೆಲಸ. ಒಬ್ಬರ ಬಿಡುವು ಇನ್ನೊಬ್ಬರ ಬೆನ್ನಿನ ಮೇಲೆ ಕುಳಿತಿದ್ದರೆ ಅದನ್ನು ವಿಶ್ರಾಂತಿ ಎನ್ನಲಾಗದು. ಪಾಯೆಸನ ನಂತರ ಬಂದ ನೂನಿಜ್ ಎಂಬ ಪೋರ್ಚುಗೀಸನು ವಿಜಯನಗರದ ಅರಮನೆಯಲ್ಲಿ ಕುಸ್ತಿಯಾಡುವ ಸ್ತ್ರೀಯರೂ ಇದ್ದರೆಂದು ಬರೆದಿದ್ದಾನೆ. ಐನೂರು ವರ್ಷ ಕಳೆದ ಮೇಲೆ ನಮ್ಮ ಹೆಣ್ಣುಮಕ್ಕಳು ಕುಂಟೆಬಿಲ್ಲೆ ಆಡಲೂ ನಾಲ್ಕು ಜನರ ಮುಖ ನೋಡಬೇಕಾಗಿದೆ.

ಪ್ರವಾದಿ ಜೆಕರ್ಯನಿಗೆ ಪಾಳುಬಿದ್ದ ಜೆರುಸಲೇಮ್ ಮತ್ತೆ ಎದ್ದು ನಿಲ್ಲುವ ದರ್ಶನವಾಯಿತು. ಅವನು ಅಲ್ಲಿ ಕಂಡದ್ದೇನು? ಊರುಗೋಲು ಹಿಡಿದ ಮುದುಕ ಮುದುಕಿಯರು ಬೀದಿಯಲ್ಲಿ ಕುಳಿತಿದ್ದಾರೆ. ಅದೇ ಬೀದಿಯ ತುಂಬ ಹುಡುಗರೂ ಹುಡುಗಿಯರೂ ಆಡುತ್ತಿದ್ದಾರೆ. ಊರು ಬದುಕಿದೆ ಎಂಬುದಕ್ಕೆ ಪ್ರವಾದಿಗೆ ಅದೇ ಗುರುತು.

ಹಂಪಿ ಬಜಾರಿನಲ್ಲಿ ನಿಂತಾಗ ನನಗೆ ಈ ವಾಕ್ಯ ನೆನಪಾಗದೆ ಇರುವುದಿಲ್ಲ. ವಿರೂಪಾಕ್ಷ ದೇವಾಲಯದ ಗೋಪುರದಿಂದ ಎದುರು ಬಸವಣ್ಣನವರೆಗೆ ಮುಕ್ಕಾಲು ಕಿಲೋಮೀಟರಿನಷ್ಟು ನೇರವಾದ ಆ ಬೀದಿ, ಇಕ್ಕೆಲಗಳಲ್ಲಿ ಕಲ್ಲಿನ ಸಾಲುಮಂಟಪಗಳು. ಅಲ್ಲಿ ಅಂಗಡಿ, ಹೋಟೆಲು, ಮನೆ ಮಾಡಿಕೊಂಡಿದ್ದ ಕುಟುಂಬಗಳನ್ನು 2011ರ ಜುಲೈ ತಿಂಗಳಲ್ಲಿ ತೆರವು ಮಾಡಲಾಯಿತು. ಅವರಿಗೆ ಕಡ್ಡಿರಾಂಪುರದಲ್ಲಿ ಜಾಗ ತೋರಿಸಲಾಯಿತು. 1986ರಲ್ಲೇ ವಿಶ್ವ ಪರಂಪರೆಯ ತಾಣವೆನಿಸಿದ ಕಲ್ಲುಗಳನ್ನು ಕಾಯುವುದು ಕರ್ತವ್ಯ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕಂಬಗಳ ನಡುವೆ ಸಿಮೆಂಟಿನ ಗೋಡೆ ಎಬ್ಬಿಸುವುದನ್ನು ಯಾರೂ ಸಮರ್ಥಿಸಲಾರರು. ಆದರೂ ಕಟ್ಟಿದ್ದು ಬಜಾರು, ಬಜಾರೆಂದರೆ ಜನ. ಜಾತ್ರೆಯ ದಿನ ರಥ ಎಳೆಯುವಾಗ ಆ ಬೀದಿ ಮತ್ತೆ ಉಸಿರಾಡುತ್ತದೆ. ಉಳಿದ ಸಂಜೆಗಳಲ್ಲಿ ಪ್ರವಾಸಿಗರು ಹೋದ ಮೇಲೆ ಅಲ್ಲಿ ಮಕ್ಕಳ ಕೂಗು ಕೇಳಿಸದಿದ್ದರೆ, ನಾವು ಉಳಿಸಿಕೊಂಡದ್ದು ಊರಿನ ಅರ್ಧ ಭಾಗವನ್ನು ಮಾತ್ರ ಎಂದು ನನಗೆ ಅನಿಸುತ್ತದೆ.

ಯೇಸುಸ್ವಾಮಿಯೂ ಪೇಟೆಯ ಬೀದಿಯಲ್ಲಿ ಆಡುವ ಮಕ್ಕಳನ್ನು ನಿಂತು ನೋಡಿದವರು. ಕೊಳಲೂದಿದರೂ ಜೊತೆಗಾರರು ಕುಣಿಯಲಿಲ್ಲವೆಂದು ದೂರುವ ಮಕ್ಕಳ ಮಾತನ್ನು ಅವರು ತಮ್ಮ ಬೋಧನೆಯಲ್ಲೇ ಸೇರಿಸಿಕೊಂಡರು. ಆಟಕ್ಕೆ ಕರೆದರೂ ಬಾರದವರ ಮೇಲೆ ಮಕ್ಕಳಿಗಿರುವ ಸಿಟ್ಟು ಅವರಿಗೆ ಗೊತ್ತಿತ್ತು.

ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಕಳೆದ ವರ್ಷ ಒಂದು ಚರ್ಚೆ ಮೂರು ಸಭೆಗಳವರೆಗೆ ನಡೆಯಿತು. ಭಾನುವಾರ ಸಂಜೆ ಚರ್ಚಿನ ಆವರಣದ ಗೇಟು ತೆರೆದಿಡಬೇಕೇ, ತೆರೆದರೆ ನೆರೆಹೊರೆಯ ಎಲ್ಲ ಧರ್ಮದ ಮಕ್ಕಳಿಗೂ ತೆರೆಯಬೇಕೇ ಎಂಬುದು ವಿಷಯ. ಕಿಟಕಿಯ ಗಾಜು, ಮಾತೆಯ ಗವಿಯ ಮುಂದಿನ ಹೂಕುಂಡಗಳು, ಗಲಾಟೆ, ಎಲ್ಲವೂ ಚರ್ಚೆಗೆ ಬಂದವು. ಕೊನೆಗೆ ನಾಲ್ಕರಿಂದ ಆರೂವರೆಯವರೆಗೆ ತೆರೆಯುವುದೆಂದೂ ಅರ್ಧ ಅಂಗಳ ಹುಡುಗಿಯರಿಗೇ ಎಂದೂ ತೀರ್ಮಾನವಾಯಿತು. ಇದುವರೆಗೆ ಎರಡು ಗಾಜು ಒಡೆದಿವೆ, ಲೆಕ್ಕ ಖಜಾಂಚಿಯ ಬಳಿ ಇದೆ. ತಾಯಂದಿರು ಮೊದಲ ಒಂದು ತಿಂಗಳು ಮೆಟ್ಟಿಲ ಮೇಲೆ ಕುಳಿತು ನೋಡಿದರು. ಈಗ ಎಂಟು ಮಂದಿ ಸೆರಗು ಸಿಕ್ಕಿಸಿ ಥ್ರೋಬಾಲ್ ಆಡುತ್ತಾರೆ, ಆ ಹೊತ್ತಿನ ಚಹಾ ಗಂಡಸರ ಪಾಲಿಗೆ. ಪಕ್ಕದ ಓಣಿಯ ಒಬ್ಬ ಅಜ್ಜಿ ತನ್ನ ಮನೆಯ ಮರದ ಅಳಗುಳಿ ಮಣೆಯನ್ನೂ ಒಂದು ಡಬ್ಬಿ ಹುಣಸೆ ಬೀಜವನ್ನೂ ತಂದು ಬೇವಿನ ಮರದಡಿ ಕೂರುತ್ತಾಳೆ. ಅವಳನ್ನು ಸೋಲಿಸಿದವರು ಇನ್ನೂ ಯಾರೂ ಇಲ್ಲ.