ಕೊಟ್ಟದ್ದೋ, ಮರಳಿಸಿದ್ದೋ?

ಬಸದಿಯ ಆಡಳಿತ ಮಂಡಳಿ ಬದಲಾದಾಗ ಹಿಂದಿನ ಧರ್ಮದರ್ಶಿಗಳು ಹೊಸಬರಿಗೆ ಭಂಡಾರದ ಬೀಗದಕೈ ಒಪ್ಪಿಸುವುದು ರೂಢಿ. ಬೀಗದಕೈ ಕೊಟ್ಟು, ಲೆಕ್ಕದ ಪುಸ್ತಕವನ್ನು ಮಾತ್ರ ತಮ್ಮ ಮನೆಯಲ್ಲಿಯೇ ಇರಿಸಿಕೊಂಡರೆ ಅದನ್ನು ಹಸ್ತಾಂತರವೆನ್ನಬಹುದೇ? ನಮ್ಮ ಟ್ರಸ್ಟುಗಳಿಗೆ ಅಪರಿಚಿತವಲ್ಲದ ಈ ಪ್ರಶ್ನೆಯನ್ನು ರಾಜ್ಯಾಡಳಿತಕ್ಕೂ ಕೇಳಿ ನೋಡುವುದು ಉಚಿತ.

ಬೆಂಗಳೂರಿನ ದಂಡುಪ್ರದೇಶ ಇದಕ್ಕೆ ಸಮೀಪದ ನಿದರ್ಶನ. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷ್ ಸೇನೆ ನೆಲೆಗೊಂಡಿತು. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಎಂದು ಎರಡು ಪುರಸಭೆಗಳಾದವು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಮರಳಿಸಿದರೂ ದಂಡಿನ ಆಡಳಿತವನ್ನು ಬ್ರಿಟಿಷರು ತಮ್ಮ ರೆಸಿಡೆಂಟರ ಕೈಯಲ್ಲಿಯೇ ಉಳಿಸಿಕೊಂಡರು. ಅದು ಮೈಸೂರಿಗೆ ಹಿಂದಿರುಗಿದ್ದು 1947ರ ಜುಲೈನಲ್ಲಿ. ಎರಡು ಊರುಗಳು ಒಂದೇ ನಗರಸಭೆಯ ಅಡಿಯಲ್ಲಿ ಬಂದದ್ದು 1949ರಲ್ಲಿ. ಕೊಟ್ಟವರು, ಪಡೆದವರು ಇಬ್ಬರೂ ಸರ್ಕಾರಗಳೇ. ಇಂದು ಶಿವಾಜಿನಗರವೆನಿಸಿರುವ ಬೀದಿಗಳ ವ್ಯಾಪಾರಿಯಾಗಲಿ ಹಲಸೂರಿನ ಗೃಹಸ್ಥನಾಗಲಿ 1881ರ ಒಪ್ಪಂದದಲ್ಲಿ ಪಕ್ಷಕಾರನಾಗಿರಲಿಲ್ಲ.

ಪ್ರಜಾಪ್ರಭುತ್ವದಲ್ಲಿ ಈ ನ್ಯೂನತೆ ತಾನಾಗಿ ನೀಗಬೇಕಿತ್ತು. 1993ರ ಜೂನ್‌ನಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯನ್ನು ಗಮನವಿಟ್ಟು ಓದಿದರೆ ಒಂದು ಸೂಕ್ಷ್ಮ ಕಾಣುತ್ತದೆ. ನಗರಸಭೆಯ ಅವಧಿ ಐದು ವರ್ಷ. ಅದು ಮುಗಿಯುವ ಮುನ್ನವೇ ಚುನಾವಣೆ ನಡೆಯತಕ್ಕದ್ದು ಎಂಬುದು ಅದರ ಕಟ್ಟಪ್ಪಣೆ. ಆದರೆ ಆ ಸಭೆಗೆ ಎಷ್ಟು ಅಧಿಕಾರವೆಂಬ ಮಾತು ಬಂದಾಗ ಶಾಸನಸಭೆಯು ಕೊಡಬಹುದು ಎಂದಷ್ಟೇ ಹೇಳುತ್ತದೆ. ಹನ್ನೆರಡನೆಯ ಅನುಸೂಚಿಯಲ್ಲಿ 18 ವಿಷಯಗಳ ಪಟ್ಟಿಯಿದೆ, ನಿಜ. ಪಟ್ಟಿ ಬೇರೆ, ಒಪ್ಪಿಸುವುದು ಬೇರೆ. ಕೊಡಬಹುದು ಎಂಬ ಒಂದು ಪದದಿಂದ ಪ್ರಜೆಯ ಹಕ್ಕು ಮೇಲಿನವರ ಔದಾರ್ಯವಾಗಿ ಮಾರ್ಪಡುತ್ತದೆ. ಇಲ್ಲಿಯೇ ನೀತಿಯ ಪ್ರಶ್ನೆ ಇರುವುದು: ಇನ್ನೊಬ್ಬರದನ್ನು ಅವರಿಗೇ ಹಿಂದಿರುಗಿಸಿ ದಾನವೆಂದು ಬೀಗಬಹುದೇ?

ಇದೇ ಕರ್ನಾಟಕವು ಅಬ್ದುಲ್ ನಜೀರ್ ಸಾಬರ ಮುತುವರ್ಜಿಯಿಂದ, 1983ರ ಕಾಯಿದೆಯ ಮೂಲಕ, ದೇಶಕ್ಕಿಂತ ಮೊದಲೇ ಜಿಲ್ಲಾ ಪರಿಷತ್ತುಗಳನ್ನು ರಚಿಸಿ 1987ರಲ್ಲಿ ಚುನಾವಣೆ ನಡೆಸಿತ್ತು. ಹಳ್ಳಿಗಳ ವಿಷಯದಲ್ಲಿ ತೆರೆದ ಕೈ ರಾಜಧಾನಿಯ ವಿಷಯದಲ್ಲಿ ಮುಚ್ಚಿಕೊಂಡದ್ದೇಕೆ? ನೆಲದ ಬೆಲೆ ಏರಿದಲ್ಲಿ ಮುಷ್ಟಿ ಬಿಗಿಯಾಗುತ್ತದೆಂಬುದು ನನ್ನ ಅನಿಸಿಕೆ. ಪರಿಗ್ರಹವೆಂದರೆ ಹೊನ್ನು, ಹೊಲ ಮಾತ್ರವಲ್ಲವಷ್ಟೆ.

ಕೃಷ್ಣರಾಜಪುರಕ್ಕೆ ತನ್ನದೇ ನಗರಸಭೆಯಿತ್ತು. 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ, 110 ಗ್ರಾಮಗಳನ್ನು ಸೇರಿಸಿ ಬೃಹತ್ ಪಾಲಿಕೆ ರಚಿಸಿದಾಗ ಅದು ಇಲ್ಲವಾಯಿತು. ಬೃಹತ್ ಪಾಲಿಕೆಗೆ 2010ರಲ್ಲಿ, 2015ರಲ್ಲಿ ಚುನಾವಣೆಗಳಾದವು. 2020ರ ಸೆಪ್ಟೆಂಬರ್‌ನಲ್ಲಿ ಸದಸ್ಯರ ಅವಧಿ ಮುಗಿದ ಬಳಿಕ ಐದು ವರ್ಷ ಅಧಿಕಾರಿಗಳೇ ಆಳಿದರು. 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳು ರಚಿತವಾಗಿ, ಕೃಷ್ಣರಾಜಪುರ ಪೂರ್ವಕ್ಕೂ, ಶಿವಾಜಿನಗರ ಕೇಂದ್ರಕ್ಕೂ ಸೇರಿದವು. ಇವುಗಳ ಮೇಲಿನ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು.

ಮೇಲೊಂದು ಸಂಸ್ಥೆ ಬೇಡವೆಂದು ನಾನು ವಾದಿಸಲಾರೆ. ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಬರಬೇಕು. ಬೆಳ್ಳಂದೂರು ಕೆರೆಗೆ ಹರಿಯುವ ಕೊಳಚೆ ಒಂದೇ ವಾರ್ಡಿನದಲ್ಲ. ನೆರೆಯೂರಿನ ಹಾನಿಯನ್ನು ಲೆಕ್ಕಿಸದ ಸ್ಥಳೀಯತೆಯೂ ಸ್ವಾರ್ಥದ ಇನ್ನೊಂದು ರೂಪವೇ. ಆದರೆ ಇಂದಿರಾನಗರದ ಅಡ್ಡರಸ್ತೆಯ ಚರಂಡಿಗೆ ಕಾವೇರಿಯ ನ್ಯಾಯವನ್ನು ಅನ್ವಯಿಸಬೇಕಾಗಿಲ್ಲ. ಮಳೆಯಲ್ಲಿ ಅದು ಉಕ್ಕಿ ಮನೆಯೊಳಗೆ ನುಗ್ಗಿದಾಗ, ಮರುದಿನ ಬೆಳಿಗ್ಗೆ ಆ ಮನೆಯೊಡತಿ ನಡೆದೇ ಹೋಗಿ ಯಾರ ಬಾಗಿಲು ತಟ್ಟಬೇಕು, ಒಳಗಿರುವವರ ಬಳಿ ಬೀಗದಕೈಯ ಜೊತೆಗೆ ಲೆಕ್ಕದ ಪುಸ್ತಕವೂ ಇರುತ್ತದೆಯೇ?